ಎಚ್ಚರಗೊಳ್ಳದ ಯಂತ್ರ

ರಾತ್ರಿ ಕೆಲಸ ಮುಗಿಸಿ ಮುಚ್ಚಿಟ್ಟ ಲ್ಯಾಪ್‌ಟಾಪು ಬೆಳಗ್ಗೆ ಗುಂಡಿಯನ್ನು ಎಷ್ಟು ಒತ್ತಿದರೂ ಒಂದು ಕಿರುದೀಪವನ್ನೂ ಹೊತ್ತಿಸದೆ, ಫ್ಯಾನಿನ ಮೆಲುಸದ್ದನ್ನೂ ಕೇಳಿಸದೆ, ನಿಶ್ಚೇಷ್ಟಿತವಾಗಿ ಕುಳಿತುಬಿಡುವುದು ಇಂದಿನ ಸಂಸಾರಗಳಲ್ಲಿ ಅಪೂರ್ವವಾದ ಸಂಗತಿಯೇನೂ ಅಲ್ಲ. ಆದರೆ ಅದು ಸಂಭವಿಸಿದ ಮನೆಯವರಿಗೆ ಮಾತ್ರ ಆ ಹೊತ್ತಿಗೆ ಅದಕ್ಕಿಂತ ದೊಡ್ಡ ವಿಪತ್ತು ಬೇರೊಂದಿಲ್ಲವೆಂದೇ ತೋರುವುದು. ಮಗಳು ನಾಳೆ ಕಾಲೇಜಿಗೆ ಒಪ್ಪಿಸಬೇಕಾದ ಪ್ರಬಂಧ, ಅಂಗಡಿಯ ವರ್ಷದ ಲೆಕ್ಕ, ತೀರಿಹೋದ ಹಿರಿಯರ ಭಾವಚಿತ್ರಗಳು, ಎಲ್ಲವೂ ಆ ತೆಳ್ಳನೆಯ ಯಂತ್ರದೊಳಗೆ ಅಡಗಿರುವಾಗ ಅದರ ಒಡೆಯನ ಕಳವಳವನ್ನು ಅತಿಶಯವೆಂದು ಯಾರೂ ಹೇಳಲಾರರು. ಕಳವಳ ಸಹಜವೇ, ಅದರ ಬೆನ್ನಿಗೇ ಬರುವ ಆತುರದ ತೀರ್ಮಾನವೇ ಅನರ್ಥಕಾರಿಯಾದದ್ದು. "ಬೋರ್ಡ್ ಹೋಗಿದೆ" ಎಂಬ ಎರಡು ಮಾತಿನ ತೀರ್ಪಿಗೆ ತಲೆಬಾಗಿ, ಒಂದು ತಂತಿಯ ದೋಷಕ್ಕಾಗಿ ಹೊಸ ಯಂತ್ರವನ್ನೇ ಸಾಲಮಾಡಿ ಕೊಂಡವರಿದ್ದಾರೆ. ಗೋಡೆಯ ಸ್ವಿಚ್ಚಿನಿಂದ ಯಂತ್ರದ ಹೃದಯದವರೆಗೆ ವಿದ್ಯುತ್ತು ಸಾಗುವ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ಪರೀಕ್ಷಿಸಿಕೊಂಡು ಹೋದರೆ ದೋಷದ ನೆಲೆ ತಾನಾಗಿಯೇ ಗೋಚರಿಸುವುದೆಂದೂ, ಈ ಪರೀಕ್ಷೆಯ ಮೊದಲರ್ಧವನ್ನು ವಿಶೇಷ ವಿದ್ಯೆಯಿಲ್ಲದ ಗೃಹಸ್ಥನೂ ಗೃಹಿಣಿಯೂ ಮನೆಯಲ್ಲಿಯೇ ಮಾಡಬಹುದೆಂದೂ ತೋರಿಸುವುದು ಈ ಬರಹದ ಉದ್ದೇಶ.

ಮೊದಲು ಗಮನಿಸತಕ್ಕ ವಿಷಯವೆಂದರೆ, ನಾವು "ಡೆಡ್ ಆಗಿದೆ" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವ ಸ್ಥಿತಿಯೊಳಗೆ ಪರಸ್ಪರ ಸಂಬಂಧವೇ ಇಲ್ಲದ ಹಲವು ಸ್ಥಿತಿಗಳು ಬೆರೆತುಕೊಂಡಿರುತ್ತವೆ. ಚಾರ್ಜರ್ ಸಿಕ್ಕಿಸಿದಾಗ ಓಡುತ್ತ, ಕಿತ್ತೊಡನೆ ಆರಿಹೋಗುವ ಯಂತ್ರದ ದೋಷ ಬೇರೆ; ಬ್ಯಾಟರಿ ಮುಗಿಯುವವರೆಗೆ ಚೆನ್ನಾಗಿ ಓಡಿ, ಚಾರ್ಜರನ್ನು ಲಕ್ಷಿಸದೆಯೇ ಇರುವ ಯಂತ್ರದ ದೋಷ ಬೇರೆ; ದೀಪ ಹೊತ್ತಿ, ಫ್ಯಾನು ತಿರುಗಿ, ಪರದೆಯಷ್ಟೇ ಕಪ್ಪಾಗಿ ಉಳಿದದ್ದು ಇನ್ನೂ ಬೇರೆ; ಯಾವುದೂ ಇಲ್ಲದ ಸಂಪೂರ್ಣ ಮೌನವಂತೂ ಇವೆಲ್ಲಕ್ಕಿಂತ ಪ್ರತ್ಯೇಕವಾದದ್ದು. ಯಾವ ಚಿಹ್ನೆ ಇದೆ, ಯಾವುದು ಇಲ್ಲ ಎಂಬುದನ್ನು ಸಮಾಧಾನದಿಂದ ನೋಡಿ ಒಂದು ಚೀಟಿಯಲ್ಲಿ ಬರೆದುಕೊಂಡವನು ಅರ್ಧ ದಾರಿಯನ್ನು ಆಗಲೇ ನಡೆದಿರುತ್ತಾನೆ.

ನಮ್ಮ ಪಾಠಶಾಲೆಗಳಲ್ಲಿ ತರ್ಕವನ್ನು ಓದಿದವರಿಗೆ ಅನ್ವಯ ವ್ಯತಿರೇಕಗಳೆಂಬ ಜೋಡಿ ಪರೀಕ್ಷೆ ಪರಿಚಿತವಾದದ್ದು. ಒಂದು ಇದ್ದಲ್ಲಿ ಮತ್ತೊಂದು ಇರುವುದನ್ನೂ, ಅದು ಇಲ್ಲದಲ್ಲಿ ಇದೂ ಇಲ್ಲದಿರುವುದನ್ನೂ ಎರಡು ಕಡೆಯಿಂದಲೂ ಕಂಡ ಮೇಲೆಯೇ ಇವೆರಡಕ್ಕೆ ಸಂಬಂಧವುಂಟೆಂದು ಒಪ್ಪತಕ್ಕದ್ದು ಎಂಬ ಆ ಶಿಸ್ತು ಕೆಟ್ಟ ಯಂತ್ರದ ಮುಂದೆ ಕುಳಿತವನಿಗೆ ಒದಗುವಷ್ಟು ಬೇರೆ ಯಾವ ಉಪದೇಶವೂ ಒದಗಲಾರದು. ನೆರೆಮನೆಯಿಂದ ಎರವಲು ತಂದ ಅದೇ ಮಾದರಿಯ ಚಾರ್ಜರಿನಿಂದ ನಮ್ಮ ಯಂತ್ರ ಓಡಿದರೆ ಸಾಲದು. ನಮ್ಮ ಚಾರ್ಜರಿನಿಂದ ಅವರ ಯಂತ್ರ ಓಡದಿರುವುದನ್ನೂ ನೋಡಿದಾಗಲೇ ಚಾರ್ಜರಿನ ಅಪರಾಧ ಸಿದ್ಧವಾಗುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಪ್ಲಗ್ಗನ್ನೂ ತಂತಿಯನ್ನೂ ಬ್ಯಾಟರಿಯನ್ನೂ ಏಕಕಾಲದಲ್ಲಿ ಬದಲಿಸಿದವನ ಯಂತ್ರ ಸರಿಹೋದರೂ ಏಕೆ ಸರಿಹೋಯಿತೆಂಬುದು ಅವನಿಗೆ ತಿಳಿಯದು.

ಆರಂಭ ಗೋಡೆಯಿಂದಲೇ ಆಗಬೇಕು. ಸಾಕೆಟ್ಟಿನ ರಂಧ್ರಕ್ಕೆ ಟೆಸ್ಟರನ್ನು ಚುಚ್ಚಿ, ಕೆಂಪು ದೀಪ ಮಿನುಗಿದೊಡನೆ "ಕರೆಂಟ್ ಇದೆ" ಎಂದು ಮುಂದೆ ಹೋಗುವವರು ಬಹಳ ಮಂದಿ. ಆದರೆ ಟೆಸ್ಟರು ಫೇಸ್ ತಂತಿಯ ಇರವನ್ನು ಮಾತ್ರ ಹೇಳುವುದೇ ಹೊರತು ನ್ಯೂಟ್ರಲ್ ತಂತಿ ಎಲ್ಲಿಯೋ ಬಿಟ್ಟುಹೋಗಿದ್ದರೆ ಅದನ್ನು ಹೇಳಲಾರದು. ಆದಕಾರಣ ಅದೇ ಸಾಕೆಟ್ಟಿಗೆ ಮೇಜಿನ ದೀಪವನ್ನೋ ಮೊಬೈಲಿನ ಚಾರ್ಜರನ್ನೋ ಹಾಕಿ ನೋಡುವುದು ಹೆಚ್ಚು ನಂಬತಕ್ಕ ಸಾಕ್ಷ್ಯ. ಎಕ್ಸ್‌ಟೆನ್ಷನ್ ಬಾಕ್ಸನ್ನು ನಡುವೆ ಇಡದೆ ನೇರವಾಗಿ ಗೋಡೆಗೇ ಸಿಕ್ಕಿಸಬೇಕು. ಅನಂತರ, ಗೋಡೆಯಿಂದ ಬರುವ ತಂತಿ ಅಡಾಪ್ಟರಿನ ಇಟ್ಟಿಗೆಯೊಳಗೆ ಸೇರುವ, ಬಿಲ್ವದಳದಂತೆ ಮೂರು ದುಂಡು ಎಸಳಿರುವ ಆ ಕೂಡುನೆಲೆಯನ್ನು ಪರಿಶೀಲಿಸಬೇಕು: ಚಾರ್ಜರನ್ನು ದಿನವೂ ಸುತ್ತಿ ಚೀಲಕ್ಕೆ ತುಂಬುವವರಲ್ಲಿ ಅದು ಕಾಲಕ್ರಮೇಣ ಸಡಿಲಗೊಂಡು, ಕಣ್ಣಿಗೆ ಕೂಡಿದಂತೆ ಕಂಡರೂ ಒಳಗೆ ಸ್ಪರ್ಶವಿಲ್ಲದೆ ನಿಂತಿರುವುದುಂಟು. ಬೆರಳಿನಿಂದ ಗಟ್ಟಿಯಾಗಿ ಒತ್ತಿದಷ್ಟರಿಂದಲೇ ಜೀವ ಬಂದ ಯಂತ್ರಗಳು ಎಷ್ಟೋ.

ಅಡಾಪ್ಟರು ಎಂಬುದು 100ರಿಂದ 240 ವೋಲ್ಟಿನವರೆಗಿನ ಪರ್ಯಾಯ ಪ್ರವಾಹವನ್ನು ಸ್ವೀಕರಿಸಿ 19, 19.5 ಅಥವಾ 20 ವೋಲ್ಟಿನ ನೇರ ಪ್ರವಾಹವನ್ನು ಹೊರಗೆ ಕೊಡುವ ಉಪಕರಣ. ನಮ್ಮ ಮನೆಗಳ 230 ವೋಲ್ಟು ಅದರೊಳಗೆ ನೇರಗೊಂಡಾಗ ಸುಮಾರು 325 ವೋಲ್ಟಾಗಿ ಒಂದು ಕೆಪಾಸಿಟರಿನಲ್ಲಿ ಶೇಖರವಾಗುವುದಲ್ಲದೆ, ಪ್ಲಗ್ಗನ್ನು ಕಿತ್ತ ಮೇಲೂ ಕೆಲಕಾಲ ಅಲ್ಲಿಯೇ ಉಳಿಯಬಹುದಾದ್ದರಿಂದ, ಈ ಇಟ್ಟಿಗೆಯನ್ನು ಮನೆಯಲ್ಲಿ ಒಡೆದು ನೋಡುವ ಸಾಹಸಕ್ಕೆ ಯಾರೂ ಕೈಹಾಕಕೂಡದು. ಬೀದಿಯ ಕಂಬದಲ್ಲಿ ನ್ಯೂಟ್ರಲ್ ಕಡಿದಾಗ ಒಂದು ಫೇಸಿನ ಮನೆಗಳಿಗೂ 230ನ್ನು ಬಹುವಾಗಿ ಮೀರಿ 400ರ ಸಮೀಪದ ವೋಲ್ಟೇಜು ನುಗ್ಗಬಹುದು. ಅಂಥ ದಿನ ಟಿವಿ, ಫ್ರಿಜ್ಜುಗಳೊಡನೆ ಬಲಿಯಾಗುವುದು ಈ ಅಡಾಪ್ಟರೇ. ಭರಣಿ, ಕೃತ್ತಿಕೆಯ ಗುಡುಗುಮಳೆಗಳ ಕಾಲದಲ್ಲಿ ಸ್ವಿಚ್ಚನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಅದರೊಡನೆ ಇಂಟರ್ನೆಟ್ಟಿನ ತಂತಿಯನ್ನೂ ಕೀಳಬೇಕೆಂಬುದನ್ನು ಮಲೆನಾಡಿನವರು ಸಹ ಮರೆಯುವುದುಂಟು, ಸಿಡಿಲಿನ ಹೊಡೆತ ಆ ದಾರಿಯಿಂದಲೂ ಬರುತ್ತದೆ.

ಅಡಾಪ್ಟರಿನ ಮೇಲೆ ದೀಪವಿದ್ದರೆ ಅದೊಂದು ದೊಡ್ಡ ಸೂಚಕ. ಲ್ಯಾಪ್‌ಟಾಪಿಗೆ ಸಿಕ್ಕಿಸದಿರುವಾಗ ಹೊತ್ತಿದ್ದು, ಸಿಕ್ಕಿಸಿದ ಕ್ಷಣವೇ ಆರಿಹೋಗುವ ದೀಪ, ಯಂತ್ರದೊಳಗೆ ಅಥವಾ ಅದರ ಚಾರ್ಜಿಂಗ್ ಬಾಯಿಯಲ್ಲಿ ಶಾರ್ಟ್ ಆಗಿದೆ ಎಂದೂ, ಅಡಾಪ್ಟರು ತನ್ನನ್ನು ರಕ್ಷಿಸಿಕೊಳ್ಳಲು ಹಿಮ್ಮೆಟ್ಟಿದೆ ಎಂದೂ ಬಹುಮಟ್ಟಿಗೆ ತಿಳಿಸುವುದು. ಅಲ್ಲಿಗೆ ಮನೆಯ ಪರೀಕ್ಷೆಯನ್ನು ನಿಲ್ಲಿಸಿ ಯಂತ್ರವನ್ನು ಬಲ್ಲವರ ಬಳಿ ಒಯ್ಯಬೇಕು. ಮೊದಲಿನಿಂದಲೂ ಹೊತ್ತದ ದೀಪವಾದರೆ ಅಪರಾಧ ಅಡಾಪ್ಟರಿನದೋ ಅದರ ತಂತಿಯದೋ ಆಗಿರುತ್ತದೆ. ಮಲ್ಟಿಮೀಟರು ಉಳ್ಳವರು ದುಂಡು ಪಿನ್ನಿನ ಒಳಭಾಗಕ್ಕೆ ಕೆಂಪು ಮೊನೆಯನ್ನೂ ಹೊರಭಾಗಕ್ಕೆ ಕಪ್ಪು ಮೊನೆಯನ್ನೂ ತಾಗಿಸಿ 19 ವೋಲ್ಟನ್ನು ಕಂಡುಕೊಳ್ಳಬಹುದಾದರೂ, ಹೊರೆಯಿಲ್ಲದಾಗ 19 ತೋರಿಸಿ, ಹೊರೆ ಬಿದ್ದೊಡನೆ ಕುಸಿಯುವ ಅಡಾಪ್ಟರುಗಳು ಇರುವುದರಿಂದ ಈ ಅಂಕಿಯನ್ನು ಅಂತಿಮ ಪ್ರಮಾಣವಾಗಿ ಹಿಡಿಯಬಾರದು. "ವೈರನ್ನು ಹೀಗೆ ಬಗ್ಗಿಸಿ ಹಿಡಿದರೆ ಚಾರ್ಜ್ ಆಗುತ್ತೆ" ಎಂದು ಕೆಲವರು ತಿಂಗಳುಗಟ್ಟಲೆ ಆ ಭಂಗಿಯಲ್ಲಿಯೇ ಕಾಲಕಳೆಯುತ್ತಾರೆ. ಒಳಗಿನ ಎಳೆಗಳು ಮುರಿದು ಅಲ್ಲಿ ಕಿಡಿಯಾಡುತ್ತಿದೆಯೆಂಬುದೇ ಇದರ ಅರ್ಥವಾದ್ದರಿಂದ ಆ ಚಾರ್ಜರನ್ನು ಕೂಡಲೇ ತ್ಯಜಿಸಬೇಕು. ಹೊಸದನ್ನು ಕೊಳ್ಳುವಾಗ ವೋಲ್ಟು ಹಳೆಯದಕ್ಕೆ ಸಮವಾಗಿರಬೇಕು, ಆಂಪಿಯರು ಸಮವಾಗಿಯೋ ಹೆಚ್ಚಾಗಿಯೋ ಇರಬೇಕು. ಕೆಲವು ಕಂಪನಿಗಳ ಪಿನ್ನಿನ ನಡುವೆ ಸೂಜಿಯಂತಹ ಇನ್ನೊಂದು ಕಡ್ಡಿಯಿದ್ದು, ಅಡಾಪ್ಟರಿನ ಗುರುತನ್ನು ಯಂತ್ರಕ್ಕೆ ತಿಳಿಸುವುದು ಅದರ ಕೆಲಸ. ಅದು ಮುರಿದಾಗ ಯಂತ್ರ ಓಡುತ್ತದೆ, ಬ್ಯಾಟರಿ ತುಂಬುವುದಿಲ್ಲ.

ಈಚಿನ ಟೈಪ್‌-ಸಿ ಚಾರ್ಜರುಗಳ ಕ್ರಮವೇ ಭಿನ್ನವಾದದ್ದು. 2014ರಲ್ಲಿ ರೂಪುಗೊಂಡ ಈ ಬಾಯಿಯ ಮೂಲಕ ಮೊದಲು 5 ವೋಲ್ಟು ಮಾತ್ರ ಹರಿಯುವುದು. ಆಮೇಲೆ ಚಾರ್ಜರೂ ಯಂತ್ರವೂ ಪರಸ್ಪರ ಸಂಕೇತಗಳಿಂದ ಮಾತಾಡಿಕೊಂಡು, ಇಬ್ಬರಿಗೂ ಒಪ್ಪಿಗೆಯಾದಲ್ಲಿ 9, 15, 20 ವೋಲ್ಟುಗಳಿಗೆ ಏರುವುವು. ಈ ಸಂವಾದ ಮುರಿದುಬಿದ್ದರೆ, ಚಾರ್ಜರು ಚೆನ್ನಾಗಿದ್ದರೂ ಯಂತ್ರ ಚೆನ್ನಾಗಿದ್ದರೂ, 5 ವೋಲ್ಟಿನಲ್ಲಿಯೇ ಎಲ್ಲವೂ ಸ್ತಬ್ಧವಾಗಿರುವುದು. ತಂತಿಗೂ ಇಲ್ಲಿ ಪಾತ್ರವಿದೆ: ಸಾಮಾನ್ಯ ತಂತಿ 3 ಆಂಪಿಯರನ್ನು, ಎಂದರೆ 20 ವೋಲ್ಟಿನಲ್ಲಿ 60 ವ್ಯಾಟನ್ನು ಮಾತ್ರ ಹೊರಬಲ್ಲುದಾಗಿ, ಅದಕ್ಕೆ ಮೀರಿದ್ದನ್ನು ಹೊರಲು ತನ್ನ ಸಾಮರ್ಥ್ಯವನ್ನು ತಾನೇ ತಿಳಿಸುವ ಚಿಪ್ಪುಳ್ಳ ತಂತಿ ಬೇಕಾಗುವುದು. ಮೊಬೈಲಿನ ಚಾರ್ಜರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಬಾಯಿ ಒಂದೇ ಆದ್ದರಿಂದ ಶಕ್ತಿಯೂ ಒಂದೇ ಎಂದು ನಂಬಿದವರು ಯಂತ್ರವನ್ನು ವೃಥಾ ದೂರುತ್ತಾರೆ. ಬಾಯಿಯೊಳಗೆ ಸೇರಿದ ಧೂಳನ್ನು, ಚೀಲದ ನಾರನ್ನು, ಯಂತ್ರವನ್ನು ಆರಿಸಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯುವುದೂ ಒಂದು ಚಿಕಿತ್ಸೆಯೇ. ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿಯ ಉಪ್ಪುಗಾಳಿಯಲ್ಲಂತೂ ಈ ಬಾಯಿಗಳೊಳಗಿನ ಲೋಹಕ್ಕೆ ಹಸಿರು ಕಿಲುಬು ಹಿಡಿಯುವುದು ಬೇಗ.

ಇನ್ನು ಬ್ಯಾಟರಿ. ಈ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕೆನಿಸುತ್ತದೆ. ಏಕೆಂದರೆ ನಮ್ಮ ತೊಡೆಯ ಮೇಲಿನ ಈ ವಸ್ತುವಿನ ಹಿಂದೆ ಮನುಷ್ಯರ ದೀರ್ಘ ತಪಸ್ಸಿದೆ. ಸ್ಟಾನ್ಲಿ ವಿಟಿಂಗ್‌ಹ್ಯಾಮ್ 1970ರ ದಶಕದಲ್ಲಿ ಲಿಥಿಯಮ್ ಅಯಾನುಗಳು ಒಂದು ಪದಾರ್ಥದ ಪದರಗಳ ನಡುವೆ ಹೊಕ್ಕು ಹೊರಡುವಂತೆ ಮಾಡಿದರು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಜಾನ್ ಗುಡಿನಫ್ ಕೋಬಾಲ್ಟ್ ಆಕ್ಸೈಡಿನಿಂದ ಆ ಕೋಶದ ಶಕ್ತಿಯನ್ನು ಹೆಚ್ಚಿಸಿದರು. ಜಪಾನಿನ ಅಕಿರಾ ಯೊಶಿನೊ 1985ರಲ್ಲಿ ಶುದ್ಧ ಲಿಥಿಯಮ್ ಲೋಹವನ್ನು ಬಿಟ್ಟು ಇಂಗಾಲದ ವಸ್ತುವನ್ನು ಬಳಸಿ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದಾದಷ್ಟು ಸುರಕ್ಷಿತಗೊಳಿಸಿದರು. 1991ರಲ್ಲಿ ಅದು ಮಾರುಕಟ್ಟೆಗೆ ಬಂತು. 2019ರಲ್ಲಿ ಈ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆತಾಗ ಗುಡಿನಫ್‌ರಿಗೆ 97 ವರ್ಷ ವಯಸ್ಸು. ಅಷ್ಟು ಮುಪ್ಪಿನಲ್ಲಿ ಆ ಗೌರವವನ್ನು ಪಡೆದವರು ಅವರಿಗೆ ಮುಂಚೆ ಯಾರೂ ಇರಲಿಲ್ಲ.

ಈ ಕೋಶದ ಸ್ವಭಾವವನ್ನು ಅರಿತವನಿಗೆ ಅದರ ಹಟಗಳೆಲ್ಲ ಅರ್ಥವಾಗುವುವು. ಸಾಮಾನ್ಯವಾಗಿ ಒಂದು ಕೋಶ ತುಂಬಿದಾಗ 4.2 ವೋಲ್ಟಿನಲ್ಲಿಯೂ, ಬರಿದಾಗುವಾಗ 3 ವೋಲ್ಟಿನ ಆಸುಪಾಸಿನಲ್ಲಿಯೂ ಇರತಕ್ಕದ್ದು. ಅದಕ್ಕಿಂತ ಬಹಳ ಕೆಳಗಿಳಿದರೆ ಒಳಗಿನ ತಾಮ್ರದ ಹಾಳೆಯೇ ಕರಗತೊಡಗಿ, ಮುಂದೆ ತುಂಬುವಾಗ ಒಳಗೊಳಗೇ ಶಾರ್ಟ್ ಆಗುವ ಅಪಾಯವಿರುವುದರಿಂದ, ಬ್ಯಾಟರಿಯೊಳಗಿನ ಕಾವಲು ಮಂಡಲ ಆ ಸ್ಥಿತಿಯಲ್ಲಿ ದ್ವಾರವನ್ನು ಮುಚ್ಚಿಬಿಡುತ್ತದೆ. ಬೇಸಗೆ ರಜೆಗೆ ಊರಿಗೆ ಹೋದವರು ಬೀರುವಿನಲ್ಲಿ ತಿಂಗಳುಗಟ್ಟಲೆ ಇಟ್ಟು ಮರೆತ ಯಂತ್ರ ಬಂದ ದಿನ ಏಳದಿರುವುದಕ್ಕೆ ಇದೇ ಕಾರಣವಾಗಿರಬಹುದು. ಅಂಥದನ್ನು ಚಾರ್ಜರಿಗೆ ಸಿಕ್ಕಿಸಿದಾಗ ಮೊದಮೊದಲು ಅತ್ಯಲ್ಪ ಪ್ರವಾಹವಷ್ಟೇ ಒಳಗೆ ಹೋಗುವುದು. ಆ ವೇಳೆಯಲ್ಲಿ ಗುಂಡಿ ಒತ್ತಿ ನಿರಾಶರಾಗದೆ, ಕಣ್ಣೆದುರಿನಲ್ಲಿಯೇ ಒಂದು ಗಂಟೆ ಹಾಗೆ ಬಿಡಬೇಕು. ಉಷ್ಣವೂ ಗಣನೀಯ: ಕೋಶದ ತಾಪ ಸುಮಾರು 45 ಡಿಗ್ರಿಯನ್ನು ಮೀರಿದರೆ ಅನೇಕ ಯಂತ್ರಗಳು ತುಂಬುವುದನ್ನು ನಿಲ್ಲಿಸುತ್ತವೆ. ಕಲಬುರಗಿ, ರಾಯಚೂರುಗಳ ಮೇ ತಿಂಗಳ ಮಧ್ಯಾಹ್ನದಲ್ಲಿ ಹಾಸಿಗೆಯ ಮೇಲೆ, ಗಾಳಿಯ ಕಿಂಡಿಗಳು ಮುಚ್ಚುವಂತೆ ಇಟ್ಟ ಲ್ಯಾಪ್‌ಟಾಪು "ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್" ಎಂದರೆ ಅದು ವಿವೇಕದ ಮಾತೇ ಆಗಿದೆ. ಬ್ಯಾಟರಿಯ ಆಯುಸ್ಸನ್ನು ಕಾಯಲೆಂದು ಶೇಕಡ 60 ಅಥವಾ 80ರಲ್ಲಿ ತುಂಬುವುದನ್ನು ನಿಲ್ಲಿಸುವ ಏರ್ಪಾಡನ್ನು ತಯಾರಕರೇ ಮಾಡಿರುವುದೂ ಉಂಟು. ಅದನ್ನು ರೋಗವೆಂದು ಎಣಿಸಿ ಅಂಗಡಿಗೆ ಓಡಬೇಕಾಗಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಎಷ್ಟು ಒತ್ತಿ ಹೇಳಿದರೂ ಸಾಲದು. ಟಚ್‌ಪ್ಯಾಡು ಮೇಲೆದ್ದಿದ್ದರೆ, ಮುಚ್ಚಳ ಸರಿಯಾಗಿ ಕೂಡದಿದ್ದರೆ, ಮೇಜಿನ ಮೇಲಿಟ್ಟ ಯಂತ್ರ ತೊನೆದಾಡಿದರೆ, ಒಳಗಿನ ಬ್ಯಾಟರಿ ಅನಿಲ ತುಂಬಿ ಉಬ್ಬಿದೆಯೆಂದು ಶಂಕಿಸಿ ಆ ಕ್ಷಣವೇ ಚಾರ್ಜರನ್ನು ಕೀಳಬೇಕು. ಅದನ್ನು ಒತ್ತಿ ಚಪ್ಪಟೆ ಮಾಡಲು, ಚುಚ್ಚಿ ಗಾಳಿ ಬಿಡಲು ಹೋದವರ ಕೈಯಲ್ಲಿಯೇ ಅದು ಹೊತ್ತಿಕೊಳ್ಳಬಹುದು.

ಗೋಡೆ, ತಂತಿ, ಅಡಾಪ್ಟರುಗಳೆಲ್ಲ ನಿರ್ದೋಷಿಗಳೆಂದು ತೀರ್ಮಾನವಾದ ಮೇಲೆಯೂ ಯಂತ್ರ ಏಳದಿದ್ದರೆ ಮನೆಯಲ್ಲಿ ಮಾಡಬಹುದಾದ ಒಂದು ಪ್ರಯೋಗ ಉಳಿದಿದೆ. ಚಾರ್ಜರನ್ನು ಕಿತ್ತು, ಬ್ಯಾಟರಿ ಹೊರಗೆ ಬರುವ ಮಾದರಿಯಾದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಆಮೇಲೆ ಚಾರ್ಜರನ್ನಷ್ಟೇ ಸಿಕ್ಕಿಸಿ ನೋಡುವುದು. ಇದು ಮೂಢನಂಬಿಕೆಯಂತೆ ತೋರಿದರೂ ಇದಕ್ಕೆ ದೃಢವಾದ ಕಾರಣವಿದೆ. ಲ್ಯಾಪ್‌ಟಾಪು ಆರಿರುವಾಗಲೂ ಅದರೊಳಗೆ ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್ಪೊಂದು ಗುಂಡಿಯನ್ನೂ ಚಾರ್ಜರನ್ನೂ ಕಾಯುತ್ತ ಸದಾ ಎಚ್ಚರವಾಗಿರುತ್ತದೆ. ವೋಲ್ಟೇಜಿನ ಏರಿಳಿತದಲ್ಲಿ ಅದು ಗೊಂದಲಕ್ಕೆ ಬಿದ್ದು ನಿಂತರೆ, ಬ್ಯಾಟರಿಯ ಆಶ್ರಯ ತಪ್ಪದಿರುವವರೆಗೆ ಅದಕ್ಕೆ ಹೊಸ ಆರಂಭವೇ ಇಲ್ಲ. ಉಳಿದ ವಿದ್ಯುದಂಶವೆಲ್ಲ ಬರಿದಾದಾಗ ಅದು ಮೊದಲಿನಿಂದ ತನ್ನ ಕೆಲಸವನ್ನು ತೊಡಗಬಲ್ಲುದು. ಬ್ಯಾಟರಿ ಒಳಗೇ ಇರುವ ಕೆಲವು ಮಾದರಿಗಳ ತಳದಲ್ಲಿ ಇದಕ್ಕಾಗಿಯೇ ಸೂಜಿಮೊನೆಯಷ್ಟು ರಂಧ್ರವಿರುತ್ತದೆ.

ದೀಪ ಹೊತ್ತಿಯೂ ಪರದೆ ಕಪ್ಪಾಗಿರುವಾಗ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಬೇಕು. ಅಕ್ಷರಗಳು ಮಸುಕಾಗಿ ಕಂಡರೆ ಯಂತ್ರ ಬದುಕಿದೆ, ಪರದೆಯ ಹಿಂದಿನ ಬೆಳಕು ಮಾತ್ರ ಹೋಗಿದೆ. ಏನೂ ಕಾಣದೆ, ಬೀಪ್ ಸದ್ದೋ ಕ್ಯಾಪ್ಸ್ ಲಾಕಿನ ಮಿಣುಕೋ ಮರುಕಳಿಸುತ್ತಿದ್ದರೆ ರ‍್ಯಾಮ್ ಸಡಿಲವಾಗಿರುವ ಸಂಭವವುಂಟು. ಅದನ್ನು ತೆಗೆದು, ಅಂಚಿನ ಹೊಂಬಣ್ಣದ ಗೆರೆಗಳನ್ನು ಮೆದು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು ಹಳೆಯ, ಪರಿಣಾಮಕಾರಿಯಾದ ಉಪಾಯ. ಕಾಫಿ ಚೆಲ್ಲಿದ ಯಂತ್ರವನ್ನು ಅಕ್ಕಿಯ ಡಬ್ಬದಲ್ಲಿ ಹೂಳುವುದರಿಂದ ಪ್ರಯೋಜನವಿಲ್ಲ. ನೀರು ಆರಿದರೂ ಸಕ್ಕರೆ, ಹಾಲುಗಳ ಶೇಷ ಬೋರ್ಡಿನ ಮೇಲೆ ಉಳಿದು ಲೋಹವನ್ನು ತಿನ್ನುತ್ತ ಹೋಗುವುದು. ಚಾರ್ಜರನ್ನು ಹಾಕದೆ, ಆನ್ ಮಾಡಿ ನೋಡದೆ, ಸ್ಪಿರಿಟ್ಟಿನಿಂದ ತೊಳೆದು ಶುದ್ಧಿಮಾಡಬಲ್ಲವರಿಗೆ ಅದೇ ದಿನ ಒಪ್ಪಿಸಬೇಕು.

ಇಲ್ಲಿಂದಾಚೆಗೆ ಕುಶಲಕರ್ಮಿಯ ಕ್ಷೇತ್ರ. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಮಹಡಿಗಳಲ್ಲಿ, ಬೆಸುಗೆಯ ಹೊಗೆಯ ನಡುವೆ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತಿರುವ ತರುಣರ ಕೆಲಸವನ್ನು ನಿಂತು ನೋಡಿದವರಿಗೆ, ವಿದ್ಯೆ ಎಲ್ಲೆಲ್ಲಿ ನೆಲಸಿರಬಹುದೆಂಬ ವಿಷಯದಲ್ಲಿ ಹೊಸ ಗೌರವ ಮೂಡದೆ ಇರದು. "ಅಣ್ಣಾ, ರಾತ್ರಿ ಚೆನ್ನಾಗೇ ಇತ್ತು, ಬೆಳಿಗ್ಗೆ ಆನ್ ಆಗ್ತಾನೇ ಇಲ್ಲ" ಎಂದು ಗಿರಾಕಿ ಹೇಳುವುದನ್ನು ಅವರಲ್ಲೊಬ್ಬ ಕೇಳಿಕೊಳ್ಳುತ್ತಾನೆ, "ನೀರು ಗೀರು ಬಿತ್ತಾ ಸಾರ್? ಬೇರೆ ಚಾರ್ಜರ್ ಹಾಕಿದ್ರಾ?" ಎಂದು ಎರಡೇ ಪ್ರಶ್ನೆ ಕೇಳುತ್ತಾನೆ, ಆಮೇಲೆ ಬೋರ್ಡನ್ನು ಹೊರತೆಗೆದು, ವೋಲ್ಟು ಆಂಪಿಯರುಗಳನ್ನು ಅಂಕಿಯಲ್ಲಿ ತೋರಿಸುವ ಪವರ್ ಸಪ್ಲೈಗೆ ಜೋಡಿಸಿ ಆ ಅಂಕಿಯನ್ನೇ ದಿಟ್ಟಿಸುತ್ತಾನೆ. ಪ್ರವಾಹ ಸೊನ್ನೆಯಾಗಿಯೇ ಉಳಿದರೆ ದಾರಿ ಬಾಗಿಲಲ್ಲಿಯೇ ಕಡಿದಿದೆ: ಚಾರ್ಜಿಂಗ್ ಜಾಕೋ, ಪ್ರವಾಹಕ್ಕೆ ಬಾಗಿಲಾಗಿರುವ ಮೊದಲ ಮಾಸ್‌ಫೆಟ್ಟೋ. ಒಮ್ಮೆಲೇ ಮಿತಿಮೀರಿ ಏರಿದರೆ ಶಾರ್ಟು. ಅತ್ಯಲ್ಪ ಪ್ರವಾಹ ಹರಿದು ನಿಂತು, ಗುಂಡಿ ಒತ್ತಿದರೂ ಏರದಿದ್ದರೆ, ಸದಾ ಜಾಗೃತವಾಗಿರಬೇಕಾದ 3.3 ಮತ್ತು 5 ವೋಲ್ಟಿನ ಸರಬರಾಜುಗಳನ್ನೂ, ಕಂಟ್ರೋಲರನ್ನೂ, ಆರಂಭದ ಸೂಚನೆಗಳನ್ನು ಹೊತ್ತ ಬಯಾಸ್ ಚಿಪ್ಪನ್ನೂ ಒಂದರ ಹಿಂದೆ ಒಂದಾಗಿ ವಿಚಾರಿಸಬೇಕಾಗುತ್ತದೆ.

ಶಾರ್ಟ್ ಹುಡುಕುವ ವಿಧಾನವಂತೂ ಸುಂದರವಾದದ್ದು. ಬೋರ್ಡಿನ ಮೇಲೆ ರಾಳದ ಹೊಗೆಯ ತೆಳುಲೇಪವನ್ನು ಹಾಯಿಸಿ, ಶಂಕಿತವಾದ ದಾರಿಯಲ್ಲಿ ಕಡಿಮೆ ವೋಲ್ಟಿನ ಪ್ರವಾಹವನ್ನು ಹರಿಸಿದರೆ, ನೂರಾರು ಕೆಪಾಸಿಟರುಗಳ ನಡುವೆ ದೋಷವುಳ್ಳದ್ದೊಂದೇ ಬಿಸಿಯೇರಿ, ಅದರ ಮೇಲಿನ ಬಿಳಿ ಲೇಪ ಕರಗಿ ಕಾಣಿಸಿಕೊಳ್ಳುವುದು. ಎಳ್ಳಿಗಿಂತ ಕಿರಿದಾದ ಆ ಒಂದು ಬಿಡಿಭಾಗವನ್ನು ತೆಗೆದೊಡನೆ, ಇಡೀ ಬೋರ್ಡನ್ನು ಬದಲಿಸಬೇಕೆಂದು ಬೇರೆಡೆ ಹೇಳಿಸಿಕೊಂಡು ಬಂದ ಯಂತ್ರ ಎದ್ದು ಕೂರುವುದನ್ನು ಕಂಡಾಗ, ಬದಲಾವಣೆಗೂ ದುರಸ್ತಿಗೂ ಇರುವ ಅಂತರ ಮನದಟ್ಟಾಗುವುದು. ಈ ತರುಣರಿಗೆ ಬೋರ್ಡುಗಳ ನಕ್ಷೆಗಳನ್ನು ಬಹುತೇಕ ತಯಾರಕರು ಬಹಿರಂಗವಾಗಿ ಕೊಡುವುದಿಲ್ಲ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವನ್ನು ತೆರೆದದ್ದು ಒಳ್ಳೆಯ ಆರಂಭ. ನಕ್ಷೆಗಳೂ ಬಿಡಿಭಾಗಗಳೂ ನ್ಯಾಯವಾದ ಬೆಲೆಗೆ ಈ ಮಹಡಿಗಳವರೆಗೆ ತಲಪುವಂತಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಎಲ್ಲ ಯಂತ್ರಗಳೂ ಬದುಕುವುದಿಲ್ಲ. ಮುಖ್ಯ ಚಿಪ್ಪೇ ಸುಟ್ಟದ್ದನ್ನು, ನೀರು ತಿಂದು ಪದರಗಳು ಬಿಟ್ಟದ್ದನ್ನು ಉಳಿಸಲು ಹೋಗುವುದು ದುಂದುಗಾರಿಕೆ. ಅಂಥದನ್ನು ಹಸಿಕಸ ಒಣಕಸಗಳ ಗಾಡಿಗೆ ಹಾಕಬಾರದು. ಕಸವನ್ನು ಅದುಮುವ ಲಾರಿಯಲ್ಲಿ ಲಿಥಿಯಮ್ ಬ್ಯಾಟರಿ ಜಜ್ಜಿಹೋದರೆ ಬೆಂಕಿಯೇಳುವುದು, ಆ ಬೆಂಕಿಗೆ ಮೊದಲು ಎದುರಾಗುವವರು ಪೌರಕಾರ್ಮಿಕರು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳೂ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಹಳೆಯ ಸರಕಿನ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆಯಾದ್ದರಿಂದ, ನೋಂದಾಯಿತ ಸಂಗ್ರಾಹಕರಿಗೇ ಅದನ್ನು ಒಪ್ಪಿಸುವುದು ಯೋಗ್ಯ.

ಹಾಗೆ ಒಪ್ಪಿಸುವುದಕ್ಕೆ ಮುಂಚೆ ಒಳಗಿನ ಸ್ಮೃತಿಯನ್ನು ಹೊರತೆಗೆಯಬೇಕು. ಬೋರ್ಡು ನಾಶವಾದರೂ ಎಸ್‌ಎಸ್‌ಡಿ ಅಥವಾ ಹಾರ್ಡ್‌ಡಿಸ್ಕು ಸಾಮಾನ್ಯವಾಗಿ ಕ್ಷೇಮವಾಗಿಯೇ ಇರುತ್ತದೆ. ಅದನ್ನು ಬಿಚ್ಚಿ, ಅಂಗಡಿಯಲ್ಲಿ ಸಿಗುವ ಯುಎಸ್‌ಬಿ ಕವಚಕ್ಕೆ ಸೇರಿಸಿ, ಬೇರೆ ಯಂತ್ರದಲ್ಲಿ ತೆರೆದರೆ ಪ್ರಬಂಧವೂ ಲೆಕ್ಕವೂ ಭಾವಚಿತ್ರಗಳೂ ದೊರೆಯುವುವು. ಆದರೆ ಈಚಿನ ವಿಂಡೋಸ್ ಯಂತ್ರಗಳಲ್ಲಿ ಅನೇಕವು ಒಡೆಯನಿಗೆ ಅರಿವಿಲ್ಲದಂತೆಯೇ ಎಲ್ಲವನ್ನೂ ಗೂಢಲಿಪಿಯಲ್ಲಿ ಬರೆದಿಡುತ್ತವೆ. ಹಾಗಿರುವಾಗ ಬೇರೆ ಯಂತ್ರಕ್ಕೆ ಸೇರಿಸಿದೊಡನೆ ಅದು 48 ಅಂಕಿಗಳ ರಿಕವರಿ ಕೀಯನ್ನು ಕೇಳುವುದು, ಅದಿಲ್ಲದೆ ಎಸ್.ಪಿ. ರಸ್ತೆಯ ಯಾವ ಕುಶಲಿಯೂ ಒಂದು ಚಿತ್ರವನ್ನಾದರೂ ಹೊರತೆಗೆಯಲಾರ. ಆ ಅಂಕಿಗಳು ಒಡೆಯನ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಾಮಾನ್ಯವಾಗಿ ಸಿಗುತ್ತವೆ. ಯಂತ್ರ ಚೆನ್ನಾಗಿ ಓಡುತ್ತಿರುವಾಗಲೇ ಅವನ್ನು ನೋಡಿ, ಕಾಗದದ ಮೇಲೆ ಬರೆದು, ಮನೆಯ ಪತ್ರಗಳ ಜೊತೆಗೆ ಇಟ್ಟುಕೊಳ್ಳತಕ್ಕದ್ದು.